ಲೈಸನ್ಸ್ ಇಲ್ಲ ಎಂದಾದರೆ ಬರೆದು ಕೊಡಿ, ಅಪೀಲನ್ನೂ ಕೇಳಿ

ಮಾನ್ಯ ಸಂಪಾದಕರೇ,

ಮಂಗಳೂರು ಮಹಾನಗರ ಪಾಲಿಕೆಯ ಪರಿಷತ್ತಿನ ಅವಧಿ 2025ರ ಫೆಬ್ರವರಿಯಲ್ಲಿ ಮುಗಿಯಿತು. ಆಮೇಲೆ ಜನ ಹೇಳುವ ದೂರು ಹೆಚ್ಚಾಗಿ ಒಂದೇ ತರ: ದಾರಿದೀಪ ಉರಿಯುವುದಿಲ್ಲ, ಮಳೆನೀರು ಹರಿಯುವ ತೋಡಿನ ಹೂಳು ತೆಗೆದಿಲ್ಲ, ಹೇಳುವ ಅಂದ್ರೆ ಕಾರ್ಪೊರೇಟರ್ ಇಲ್ಲ. ಇದೆಲ್ಲ ಸರಿಯೇ. ಆದರೆ ಪರಿಷತ್ತಿನ ಜೊತೆ ಇನ್ನೊಂದು ಬಾಗಿಲೂ ಮುಚ್ಚಿತು. ಅದರ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಮನೆ ಕಟ್ಟಲು ಪರವಾನಿಗೆ ಸಿಗದವರು ಅಪೀಲು ಹಾಕುವ ಬಾಗಿಲು ಅದು.

ಪಾಲಿಕೆಯಲ್ಲಿ 'ತೆರಿಗೆ ನಿರ್ಧರಣೆ, ಹಣಕಾಸು ಮತ್ತು ಅಪೀಲು ಸ್ಥಾಯಿ ಸಮಿತಿ' ಅಂತ ಒಂದಿತ್ತು. ಪ್ರತಿ ವರ್ಷ ಮೇಯರ್ ಬದಲಾಗುವಾಗ ಅದರ ಅಧ್ಯಕ್ಷರೂ ಬದಲಾಗುತ್ತಿದ್ದರು. ಹಾರ ತುರಾಯಿಯ ಫೋಟೊ ಪೇಪರಿನಲ್ಲಿ ಬರುತ್ತಿತ್ತು. ಸಮಿತಿ ಎಷ್ಟು ಅಪೀಲು ಕೇಳಿತು, ಏನು ತೀರ್ಮಾನ ಮಾಡಿತು ಅನ್ನುವ ಸುದ್ದಿಯನ್ನು ಮಾತ್ರ ನಾನು ಓದಿದ ನೆನಪಿಲ್ಲ.

ನಾನು ವಕೀಲನಲ್ಲ. ಎಂಜಿನಿಯರ್ ಒಬ್ಬರ ಆಫೀಸಿನಲ್ಲಿ ಮನೆಗಳ ಪ್ಲಾನ್ ಬರೆಯುತ್ತಿದ್ದವನು, ಈಗ ನಿವೃತ್ತ. ಹಾಗಾಗಿ ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976ರಲ್ಲಿ ಕಟ್ಟಡದ ಭಾಗವನ್ನು ಆಗಾಗ ಬಿಡಿಸಿ ನೋಡುವ ಅಭ್ಯಾಸ ಉಂಟು. ಅಲ್ಲಿರುವುದನ್ನು ಓದಿದರೆ ನಂಬಲು ಕಷ್ಟ, ಅಷ್ಟು ಚೆನ್ನಾಗಿದೆ. ಅರ್ಜಿ ಬಂದು 30 ದಿನದೊಳಗೆ ಕಮಿಷನರ್ ಹೌದು ಅಥವಾ ಇಲ್ಲ ಅನ್ನಬೇಕು. ಇಲ್ಲ ಅನ್ನುವುದಾದರೆ ಮನಸ್ಸಿಗೆ ಬಂದ ಕಾರಣ ಸಾಲದು. ಯಾವ ಕಾರಣಕ್ಕೆ ನಿರಾಕರಿಸಬಹುದು ಅಂತ ಕಾಯ್ದೆಯೇ ಪಟ್ಟಿ ಕೊಟ್ಟಿದೆ. ಕಾನೂನು, ಬೈಲಾ ಮೀರಿದರೆ, ಬೇಕಾದ ದಾಖಲೆ ಕೊಡದಿದ್ದರೆ, ಸರ್ಕಾರಿ ಜಾಗ ಒತ್ತುವರಿಯಾಗುವುದಾದರೆ, ಹೀಗೆ. ಆ ಕಾರಣವನ್ನು ಆದೇಶದಲ್ಲೇ ಸ್ಪಷ್ಟವಾಗಿ ಬರೆಯಬೇಕು. ಬರೆದ ಮೇಲೆ ಅರ್ಜಿದಾರ ಸ್ಥಾಯಿ ಸಮಿತಿಗೆ ಅಪೀಲು ಹಾಕಬಹುದು.

ಕಮಿಷನರ್ ಹೌದು ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ ಅಂತಿಟ್ಟುಕೊಳ್ಳಿ. ಆಗ ಅರ್ಜಿದಾರ ಸ್ಥಾಯಿ ಸಮಿತಿಗೆ ಬರೆದು ಕೇಳಬಹುದು. ಸಮಿತಿಯೂ 30 ದಿನ ಸುಮ್ಮನೆ ಕೂತರೆ ಅನುಮತಿ ಕೊಟ್ಟ ಹಾಗೇ ಲೆಕ್ಕ. ನಿಯಮ ಮೀರದಂತೆ ಕೆಲಸ ಶುರು ಮಾಡಬಹುದು. ಈ ಮಾತು ಹೇಳಿದರೆ ಕಟ್ಟಡದ ಕೆಲಸದಲ್ಲಿರುವವರೇ ನಗುತ್ತಾರೆ. ಹಾಗೆ ಅಡಿಪಾಯ ತೋಡಿದರೆ ಮರುದಿನವೇ ಕೆಲಸ ನಿಲ್ಲಿಸಲು ಪಾಲಿಕೆಯ ಜೀಪು ಬರುತ್ತದೆ ಅಂತ ಅವರಿಗೆ ಗೊತ್ತು.

ನಿಜವಾಗಿ ನಡೆಯುವುದೇ ಬೇರೆ. ನಮ್ಮ ಕಡೆ 'ಇಲ್ಲ' ಅಂತ ಯಾರೂ ಬರೆದು ಕೊಡುವುದೇ ಇಲ್ಲ.

ನನ್ನ ತಂಗಿಗೆ ತಾಯಿ ಕಡೆಯಿಂದ ಪಾಲಿನಲ್ಲಿ ಬಂದದ್ದು ಐದೂವರೆ ಸೆಂಟ್ಸ್ ಜಾಗ. ಮಂಗಳೂರಲ್ಲ, ಜಿಲ್ಲೆಯ ಇನ್ನೊಂದು ಸಣ್ಣ ಪಟ್ಟಣ. ಊರಿನ ಹೆಸರು ಬೇಡ. ಕೃಷಿ ಜಾಗವನ್ನು ಮನೆ ಜಾಗ ಮಾಡುವ ಕನ್ವರ್ಶನ್ ಆಗಿದೆ, ಖಾತೆ ಉಂಟು, ಒಂಟಿ ನಿವೇಶನಕ್ಕೆ ಬೇಕಾದ ಸಿಂಗಲ್ ಸೈಟ್ ಅಪ್ರೂವಲ್ ಕೂಡ ಆಯಿತು. ಎರಡು ಬೆಡ್‌ರೂಮಿನ ಸಾದಾ ಮನೆಗೆ ಅರ್ಜಿ ಹಾಕಿದೆವು. ಸ್ಥಳ ನೋಡಲು ಬಂದವರು ರಸ್ತೆಯ ಅಗಲ ಅಳೆದರು. ಎಲ್ಲಿ? ಓಣಿಯ ಮಧ್ಯ ಒಂದು ಕರೆಂಟ್ ಕಂಬ ಉಂಟು. ಅದರ ಎದುರು ಪಕ್ಕದ ಮನೆಯವರ ಕಾಂಪೌಂಡ್ ಸ್ವಲ್ಪ ಹೊರಗೆ ಚಾಚಿದೆ. ಸರಿಯಾಗಿ ಆ ಕಂಬಕ್ಕೂ ಗೋಡೆಗೂ ನಡುವೆ ಟೇಪು ಹಿಡಿದರು. ನಾಲ್ಕು ಹೆಜ್ಜೆ ಆಚೆ ಹಿಡಿದಿದ್ದರೆ ಒಂದು ಪಿಕಪ್ ಗಾಡಿ ಆರಾಮಾಗಿ ತಿರುಗುವಷ್ಟು ಜಾಗ. ನಮ್ಮ ಪ್ಲಾನಿನ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ರಸ್ತೆ' ಅಂತ ಬರೆದು, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಅಷ್ಟೇ. ನಮಗೆ ಸಿಕ್ಕ ನಿರಾಕರಣೆಯ ಆದೇಶ ಅಂದರೆ ಆ ಪ್ರಶ್ನೆ ಚಿಹ್ನೆ.

"ಆಗುದಿಲ್ಲ ಮಾರಾಯ್ರೆ, ರಸ್ತೆ ಸಾಕಾಗುದಿಲ್ಲ" ಅಂದರು ಟೇಬಲ್ಲಿನವರು. "ಹಾಗಾದರೆ ಆಗುವುದಿಲ್ಲ ಅಂತ ಬರೆದು ಕೊಡಿ" ಅಂದೆ. "ಬರ್ದು ಕೊಟ್ರೆ ನಿಮಗೇ ಕಷ್ಟ, ಸ್ವಲ್ಪ ದಿನ ಬಿಟ್ಟು ಬನ್ನಿ, ನೋಡುವ" ಅಂದರು. ಆ ಮನುಷ್ಯ ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು. ಆದರೆ ಬರೆದು ಕೊಡದಿದ್ದರೆ ನಾನು ಯಾವುದರ ಮೇಲೆ ಅಪೀಲು ಹಾಕಲಿ? ಕಂಪ್ಯೂಟರಿನಲ್ಲಿ ನೋಡಿದರೆ 'ಪರಿಶೀಲನೆಯಲ್ಲಿದೆ' ಅಂತಲೇ ತೋರಿಸುತ್ತದೆ. ನಡುವೆ ಇನ್ನೊಂದು ಕಾಗದ ಕೇಳಿದರೆ ದಿನದ ಲೆಕ್ಕ ಮತ್ತೆ ಮೊದಲಿನಿಂದ. ಸರ್ಕಾರಿ ಸೇವೆ ಹೊತ್ತಿಗೆ ಸರಿಯಾಗಿ ಸಿಗಲಿ ಅಂತ ಮಾಡಿದ ಸಕಾಲ ಉಂಟಲ್ಲ ಅನ್ನಬಹುದು. 2011ರ ಆ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಲೈಸನ್ಸ್ ಇಲ್ಲದೆ ಬ್ಯಾಂಕಿನ ಸಾಲ ನಿಂತುಹೋದವರಿಗೆ ಈ 500 ಯಾವ ಮೂಲೆಗೆ?

ಮೊದಲೆಲ್ಲ ಹೀಗೆ ಸಿಕ್ಕಿಕೊಂಡವರು ಇನ್ನೊಂದು ದಾರಿ ಹಿಡಿಯುತ್ತಿದ್ದರು. ಲೈಸನ್ಸ್ ಇಲ್ಲದೆ ಕಟ್ಟಿಬಿಡುವುದು, ದಂಡ ಕಟ್ಟಿ ಡೋರ್ ನಂಬರ್ ಮಾಡಿಸುವುದು, ನಿಯಮ ಮೀರಿದ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸರಿ ಮಾಡಿಕೊಡುವ ಅಕ್ರಮ ಸಕ್ರಮ ಯಾವತ್ತಾದರೂ ಬಂದೀತು ಅಂತ ಕಾಯುವುದು. ಅಕ್ರಮ ಸಕ್ರಮಕ್ಕೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿತು. 2024ರ ಡಿಸೆಂಬರಿನಲ್ಲಿ ಅದೇ ಕೋರ್ಟ್ ಇನ್ನೂ ಬಿಗಿ ಮಾಡಿತು: ಕಟ್ಟಡ ಪೂರ್ಣಗೊಂಡ ಮತ್ತು ವಾಸಯೋಗ್ಯ ಪ್ರಮಾಣಪತ್ರ ನೋಡದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು. ನನ್ನ ಕೇಳಿದರೆ ಇದು ಒಳ್ಳೆಯದೇ. ಆದರೆ ಇದರಿಂದ ಲೈಸನ್ಸಿನ ತೂಕ ಜಾಸ್ತಿಯಾಯಿತು. ಒಬ್ಬ ಜೂನಿಯರ್ ಎಂಜಿನಿಯರ್ ಟೇಪು ಎಲ್ಲಿ ಹಿಡಿದರು ಅನ್ನುವುದರ ಮೇಲೆ ಒಂದು ಮನೆಗೆ ಬೆಳಕು ಬರುವುದೋ ಇಲ್ಲವೋ ನಿಂತಿದೆ. ಅಂಥ ತೀರ್ಮಾನವನ್ನು ಇನ್ನೊಬ್ಬರು ನೋಡಲೇಬೇಕಲ್ವಾ?

ಹೊರಗಿನ ಉದಾಹರಣೆ ಒಂದು ಹೇಳುತ್ತೇನೆ. ಸ್ಕಾಟ್ಲೆಂಡಿನಲ್ಲಿ ಸಣ್ಣ ಕಟ್ಟಡಗಳ ಅರ್ಜಿಯನ್ನು ಮೊದಲು ಅಧಿಕಾರಿಯೇ ತೀರ್ಮಾನ ಮಾಡುತ್ತಾರೆ. ನಿರಾಕರಿಸಿದರೆ ಮೂರು ತಿಂಗಳೊಳಗೆ ಮರುಪರಿಶೀಲನೆ ಕೇಳಬಹುದು. ಅದನ್ನು ನೋಡುವುದು ಅಲ್ಲಿನ ಕೌನ್ಸಿಲರುಗಳದ್ದೇ ಒಂದು ಸಮಿತಿ. ಕಡಿಮೆಯೆಂದರೆ ಮೂವರು ಕೂರಬೇಕು. 2006ರ ಕಾನೂನಿನಡಿ 2009ರಿಂದ ಈ ವ್ಯವಸ್ಥೆ ಇದೆ. ಸಭೆ ಬಾಗಿಲು ತೆರೆದೇ ನಡೆಯುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಪಕ್ಕದ ಇಂಗ್ಲೆಂಡಿನಲ್ಲಿ ಅಂಥ ಅಪೀಲು ಕೌನ್ಸಿಲರುಗಳ ಕೈಗೆ ಹೋಗುವುದೇ ಇಲ್ಲ, ಸರ್ಕಾರದ ಪ್ಲಾನಿಂಗ್ ಇನ್‌ಸ್ಪೆಕ್ಟರುಗಳು ನೋಡುತ್ತಾರೆ. ಯಾವುದು ಮೇಲು ಅಂತ ಅವರವರೇ ಜಗಳ ಮಾಡಿಕೊಳ್ಳಲಿ. ಎರಡು ಕಡೆಯೂ ಕಾರಣ ಬರೆದ ಕಾಗದ ಕೈಗೆ ಸಿಗುತ್ತದೆ, ನನಗೆ ಬೇಕಾದ್ದು ಅದು.

ಕಾರ್ಪೊರೇಟರುಗಳ ಕೈಗೆ ಅಪೀಲು ಕೊಟ್ಟರೆ ಬಿಲ್ಡರುಗಳದ್ದೇ ದರ್ಬಾರು ಅಂತ ನನ್ನ ಗೆಳೆಯರೊಬ್ಬರು ಹೇಳುತ್ತಾರೆ. ಅವರ ಭಯ ಸುಳ್ಳಲ್ಲ. ನಮ್ಮೂರಿನ ಕೊಟ್ಟಾರ ಚೌಕಿಯಲ್ಲಿ ಜೋರು ಮಳೆ ಬಂದರೆ ನೀರು ತುಂಬುವುದು ಎಲ್ಲರಿಗೂ ಗೊತ್ತು. ಗದ್ದೆಗೆ ಮಣ್ಣು ತುಂಬಿಸಿ, ತೋಡನ್ನು ಕಿರಿದು ಮಾಡಿ ಎದ್ದ ಕಟ್ಟಡಗಳು ಈ ಊರಲ್ಲಿ ಎಷ್ಟಿಲ್ಲ! ಅವಕ್ಕೆಲ್ಲ ಅಪೀಲಿನ ಹೆಸರಿನಲ್ಲಿ ಹಿಂಬಾಗಿಲು ತೆರೆಯಿರಿ ಅಂತ ನಾನು ಹೇಳುತ್ತಿಲ್ಲ. ಹಿಂಬಾಗಿಲು ಈಗಾಗಲೇ ಉಂಟು. ಕಾಗದವೇ ಇಲ್ಲದ ಕಡೆ 'ನೋಡುವ' ಅನ್ನುವ ಮಾತಿನಲ್ಲೇ ಅದು ತೆರೆದುಕೊಳ್ಳುತ್ತದೆ. ಐದು ಮಾಳಿಗೆಯವರಿಗೆ ಆ ದಾರಿ ಗೊತ್ತು, ಐದು ಸೆಂಟ್ಸಿನವರಿಗೆ ಗೊತ್ತಿಲ್ಲ. ಅಪೀಲು ಬಹಿರಂಗವಾಗಿ ನಡೆದರೆ ಪಕ್ಕದ ಮನೆಯವರೂ ಬಂದು 'ಇವರು ಕಟ್ಟಿದರೆ ನಮ್ಮ ಬಾವಿಗೆ ಇವರ ಪಾಯಿಖಾನೆ ಪಿಟ್ಟಿನ ನೀರು ಬರುತ್ತದೆ' ಅಂತ ಹೇಳಬಹುದು. ಅದೂ ದಾಖಲಾಗಲಿ.

ಈಗ ಸಮಿತಿಯೇ ಇಲ್ಲ. ಪರಿಷತ್ತು ಮತ್ತು ಸ್ಥಾಯಿ ಸಮಿತಿಯ ಕೆಲಸವೆಲ್ಲ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಹೆಗಲಿಗೆ ಬಿದ್ದಿದೆ. ಇದು ಹೊಸತೇನಲ್ಲ. 2019ರ ಮಾರ್ಚಿನಿಂದ ಸುಮಾರು ಒಂದು ವರ್ಷ ಹೀಗೇ ಇತ್ತು. ಆ ನವೆಂಬರಿನಲ್ಲಿ ಚುನಾವಣೆ ಆಗಿ 60 ವಾರ್ಡಿಗೂ ಕಾರ್ಪೊರೇಟರುಗಳು ಗೆದ್ದು ಬಂದರೂ ಮೇಯರ್ ಆಯ್ಕೆಯಾಗಲು 2020ರ ಫೆಬ್ರವರಿ ಕೊನೆ ಆಯಿತು. ಅಧಿಕಾರಿಯ ತೀರ್ಮಾನದ ಮೇಲೆ ಇನ್ನೊಬ್ಬ ಅಧಿಕಾರಿಯೇ ಅಪೀಲು ಕೇಳುವುದು ಸರಿಯಾದ ಏರ್ಪಾಡಲ್ಲ. ಆದರೂ ಚುನಾವಣೆ ಆಗುವವರೆಗೆ ಯಾರೂ ಕೇಳದೆ ಇರುವುದಕ್ಕಿಂತ ವಾಸಿ. ಆಡಳಿತಾಧಿಕಾರಿಗಳು ತಿಂಗಳಿಗೆ ಒಂದು ದಿನ ಗೊತ್ತು ಮಾಡಿ, ಲಾಲ್‌ಬಾಗಿನ ಪಾಲಿಕೆ ಕಟ್ಟಡದಲ್ಲೇ ಎಲ್ಲರೆದುರು ಅಪೀಲು ಕೇಳಲಿ. ಪ್ಲಾನಿನ ಮೇಲೆ ಕೆಂಪು ಶಾಯಿಯಲ್ಲಿ ಗೀಚಿದವರು ಅವತ್ತು ಟೇಪಿನ ಜೊತೆ ಬರಲಿ. ತೀರ್ಮಾನವನ್ನು ಕಾರಣ ಸಮೇತ ನೋಟಿಸ್ ಬೋರ್ಡಿಗೆ ಹಾಕಲಿ. ಇದಕ್ಕೆ ಹೊಸ ಕಾನೂನು ಬೇಡ, ಹೆಚ್ಚು ಖರ್ಚೂ ಇಲ್ಲ. ನಮ್ಮ ತಂಗಿಯ ಊರಿನಂಥ ಸಣ್ಣ ಪಟ್ಟಣಗಳೂ ಇದನ್ನು ನೋಡಿ ಕಲಿಯಬಹುದು.

ನಿಮ್ಮಲ್ಲಿ ಒಂದು ವಿನಂತಿ. ಮುಂದಿನ ಸಲ ನಿಮ್ಮ ವರದಿಗಾರರು ಪಾಲಿಕೆಗೆ ಹೋದಾಗ ಮೂರು ಲೆಕ್ಕ ಕೇಳಿ ತರಲಿ. ಪರಿಷತ್ತು ಹೋದಂದಿನಿಂದ ಎಷ್ಟು ಮನೆ ಅರ್ಜಿಗೆ ಇಲ್ಲ ಅಂತ ಬರೆದು ಕೊಟ್ಟಿದ್ದಾರೆ, ಎಷ್ಟು ಅರ್ಜಿ 30 ದಿನ ದಾಟಿಯೂ 'ಪರಿಶೀಲನೆಯಲ್ಲಿ' ಕೂತಿವೆ, ಎಷ್ಟು ಅಪೀಲು ಇತ್ಯರ್ಥವಾಗಿವೆ. ಉತ್ತರ ಸಿಕ್ಕಿದರೆ ಮೊದಲ ಪುಟ ಬೇಡ, ಒಳಪುಟದಲ್ಲಿ ಹಾಕಿದರೂ ಸಾಕು.

ಇಂತಿ,
ಒಬ್ಬ ಓದುಗ
ಕಾವೂರು, ಮಂಗಳೂರು