ಬೋರ್ಡನ್ನು ಕೊನೆಗೆ ಆರಿಸು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಆಟವಾಡುವ ಕಂಪ್ಯೂಟರ್ ಜೋಡಿಸಲು ನೀನು ಕಳುಹಿಸಿದ ಬಿಡಿಭಾಗಗಳ ಪಟ್ಟಿ ನೋಡಿದೆ. ಉಳಿದ ಭಾಗಗಳನ್ನೆಲ್ಲ ಸಿಕ್ಕಿಸುವ ಮದರ್‌ಬೋರ್ಡಿಗೆ ತೆಗೆದಿಟ್ಟ ಹಣ ಗ್ರಾಫಿಕ್ಸ್ ಕಾರ್ಡಿಗೆ ಇಟ್ಟ ಹಣಕ್ಕೆ ಹೆಚ್ಚುಕಡಿಮೆ ಸರಿಸಮವಾಗಿದೆ. ಸುಮ್ಮನಿರಲು ಮನಸ್ಸಾಗದೆ ಬರೆಯುತ್ತಿದ್ದೇನೆ. ಆಟ ಎಷ್ಟು ಸರಾಗವಾಗಿ ಓಡುತ್ತದೆ ಎಂಬುದನ್ನು ತೀರ್ಮಾನಿಸುವುದು ಮೊದಲು ಗ್ರಾಫಿಕ್ಸ್ ಕಾರ್ಡ್, ಆಮೇಲೆ ಪ್ರೊಸೆಸರ್. ಅವೆರಡೂ ಅವೇ ಆಗಿದ್ದರೆ, ಸಾಧಾರಣ ಬೋರ್ಡಿಗೂ ದುಬಾರಿ ಬೋರ್ಡಿಗೂ ಆಟದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದಿಲ್ಲ. ಮೊದಲು ಅವೆರಡನ್ನು ನಿಶ್ಚಯ ಮಾಡಿಕೋ. ಅವುಗಳಿಗೆ ಕೊರತೆಯಾಗದಂತಹ ಬೋರ್ಡನ್ನು ಕೊನೆಗೆ ಹುಡುಕು.

ಪ್ರೊಸೆಸರ್ ಗೊತ್ತಾದರೆ ಅದು ಬೋರ್ಡಿನಲ್ಲಿ ಕೂರುವ ಸಾಕೆಟ್ ತಾನಾಗಿಯೇ ಗೊತ್ತಾಗುತ್ತದೆ. ಮುಂದೆ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ನಿನಗಿದೆ ಎಂದು ಬರೆದಿದ್ದೀಯೆ. ಹಾಗಿದ್ದರೆ ಎಎಂಡಿ ಕಂಪನಿಯ ಎಎಂ5 ಸಾಕೆಟ್ ಒಳ್ಳೆಯದೆಂದು ನನ್ನ ಅಭಿಪ್ರಾಯ. 2022ರಲ್ಲಿ ಬಂದ ಆ ಸಾಕೆಟ್ಟಿನಲ್ಲಿ ರೈಜನ್ ಪ್ರೊಸೆಸರುಗಳ 7000 ಸರಣಿಯೂ ಕೂರುತ್ತದೆ, 9000 ಸರಣಿಯೂ ಕೂರುತ್ತದೆ. ಆದರೆ ಒಂದು ಎಚ್ಚರಿಕೆ. ಬಿ650 ಚಿಪ್‌ಸೆಟ್ಟಿನ (ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್) ಬೋರ್ಡ್ ಅಂಗಡಿಯಲ್ಲಿ ಬಹಳ ದಿನ ಕುಳಿತಿದ್ದರೆ, ಅದರೊಳಗಿನ ಹಳೆಯ ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ, ಹೊಸ ಪ್ರೊಸೆಸರನ್ನು ಗುರುತಿಸದೆ ಹೋಗಬಹುದು. ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸುವ ಗುಂಡಿ ಕೆಲವು ಬೋರ್ಡುಗಳ ಹಿಂಬದಿಯಲ್ಲಿರುತ್ತದೆ. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಆ ಗುಂಡಿಗೆ ಕೊಡು. ಚಿಪ್‌ಸೆಟ್ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡ. ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕುವವನಿಗೆ ಬಿ650 ಅಥವಾ ಬಿ850 ಧಾರಾಳವಾಯಿತು.

ಹಣ ನಿಜವಾಗಿ ಸಾರ್ಥಕವಾಗುವುದು ಸಾಕೆಟ್ಟಿನ ಸುತ್ತಲಿನ ವಿಆರ್‌ಎಂ ಎಂಬ ಭಾಗದಲ್ಲಿ. ಪವರ್ ಸಪ್ಲೈ ಕೊಡುವ 12 ವೋಲ್ಟನ್ನು ಅದು ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿ ಪ್ರೊಸೆಸರಿಗೆ ಉಣಿಸುತ್ತದೆ. ಅದು ಅತಿಯಾಗಿ ಬಿಸಿಯಾದರೆ ಪ್ರೊಸೆಸರಿನ ವೇಗ ಕುಗ್ಗುತ್ತದೆ. ನೀನು ಬರೆದಿರುವ ರೈಜನ್ 7 7800ಎಕ್ಸ್3ಡಿಯ ಟಿಡಿಪಿ, ಅಂದರೆ ಅದು ಹೊರಹಾಕುವ ಶಾಖದ ಅಂದಾಜು, 120 ವ್ಯಾಟ್. ಇಂಟೆಲ್‌ನ ಕೋರ್ ಐ9 14900ಕೆ 253 ವ್ಯಾಟ್‌ವರೆಗೆ ಎಳೆಯುವಂತೆ ನಿಗದಿಯಾಗಿದೆ. ಎರಡನೆಯದಕ್ಕೆ ಬೇಕಾದಂತಹ ಭಾರೀ ಬೋರ್ಡನ್ನು ಮೊದಲನೆಯದಕ್ಕೆ ಕೊಳ್ಳುವ ಅಗತ್ಯವೇ ಇಲ್ಲ. ವಿಆರ್‌ಎಂ ಮೇಲೆ ಬಿಸಿ ಹೀರುವ ದಪ್ಪನೆಯ ಲೋಹದ ಹೀಟ್‌ಸಿಂಕ್ ಇದೆಯೇ ಎಂದು ಮಾತ್ರ ನೋಡು.

ಇನ್ನು ಬಹಳ ಜನ ಓದದೆ ಬಿಡುವ ಒಂದು ವಿಷಯ ಹೇಳುತ್ತೇನೆ. ಬೋರ್ಡಿನ ಮೇಲೆ ಎಷ್ಟು ಕಿಂಡಿಗಳಿವೆಯೋ ಅಷ್ಟನ್ನೂ ಒಟ್ಟಿಗೆ ಬಳಸಬಹುದು ಎಂದು ನಂಬಬೇಡ. ಪ್ರೊಸೆಸರಿನಿಂದಲೂ ಚಿಪ್‌ಸೆಟ್ಟಿನಿಂದಲೂ ಹೊರಡುವ ಪಿಸಿಐ ಎಕ್ಸ್‌ಪ್ರೆಸ್ ಎಂಬ, ಮಾಹಿತಿ ಸಾಗುವ ದಾರಿಗಳಿಗೆ ಮಿತಿಯಿದೆ, ಅವನ್ನೇ ಎಲ್ಲವೂ ಹಂಚಿಕೊಳ್ಳಬೇಕು. ಕೆಲವು ಬೋರ್ಡುಗಳಲ್ಲಿ ಬೋರ್ಡಿಗೇ ನೇರವಾಗಿ ಸಿಕ್ಕಿಸುವ ಎಂ.2 ಎಸ್‌ಎಸ್‌ಡಿ (ಕಡತಗಳನ್ನು ಇಡುವ ವೇಗದ ಡ್ರೈವ್) ಎರಡನೆಯದನ್ನು ಹಾಕಿದೊಡನೆ ಗ್ರಾಫಿಕ್ಸ್ ಕಾರ್ಡಿನ 16 ದಾರಿಗಳು 8ಕ್ಕೆ ಇಳಿಯುತ್ತವೆ. ಇನ್ನು ಕೆಲವದರಲ್ಲಿ ಹಾರ್ಡ್ ಡಿಸ್ಕಿನ ಕೇಬಲ್ ಸಿಕ್ಕಿಸುವ ಎರಡು ಸಾಟಾ ಪೋರ್ಟುಗಳು ಸದ್ದಿಲ್ಲದೆ ಸತ್ತುಹೋಗುತ್ತವೆ. ಹಳೆಯ ಹಾರ್ಡ್ ಡಿಸ್ಕ್ ಕಾಣುತ್ತಿಲ್ಲವೆಂದು ಕೇಬಲ್ ಬದಲಿಸುತ್ತಾ ಕೂರಬೇಕಾಗುತ್ತದೆ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ. ಕೈಪಿಡಿಯಲ್ಲಿ, ಕಿಂಡಿಗಳ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಕೈಪಿಡಿ ತಯಾರಕರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಕೊಂಡ ಮೇಲೆ ಓದುವುದಕ್ಕಿಂತ ಕೊಳ್ಳುವ ಮೊದಲೇ ಓದು.

ರ‍್ಯಾಮ್ ಎರಡೇ ಕಡ್ಡಿ ತೆಗೆದುಕೋ. ನಾಲ್ಕು ಹಾಕಿದರೆ ಸಾಮರ್ಥ್ಯ ಹೆಚ್ಚುತ್ತದೆ, ಆದರೆ ವೇಗ ಬೀಳುತ್ತದೆ: ರೈಜನ್ 7000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ ಎರಡು ಕಡ್ಡಿಗೆ ಸೆಕೆಂಡಿಗೆ 5200 ಮೆಗಾಟ್ರಾನ್ಸ್‌ಫರ್, ನಾಲ್ಕಕ್ಕೆ 3600. ನಾಲ್ಕು ಕಿಂಡಿಗಳ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಅವನ್ನು ಹಾಕಬೇಕು. ಆಮೇಲೆ ಬಯಾಸ್‌ಗೆ ಹೋಗಿ ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಎಕ್ಸ್‌ಪೋ ಎಂಬ ಆಯ್ಕೆ ಆನ್ ಮಾಡು. ಇಲ್ಲದಿದ್ದರೆ 6000 ಎಂದು ಬರೆದಿರುವ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಕೆಲಸ ಮಾಡುತ್ತಿರುತ್ತದೆ, ನಿನಗೆ ಗೊತ್ತೂ ಆಗುವುದಿಲ್ಲ.

ಜೋಡಿಸುವ ದಿನ ಆತುರ ಬೇಡ. ಎಎಂ5ರಲ್ಲಿ ಸೂಕ್ಷ್ಮವಾದ ಪಿನ್ನುಗಳಿರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್ಟಿನಲ್ಲಿ, ಒಟ್ಟು 1718. ಒಂದು ಬಾಗಿದರೂ ಕಷ್ಟ. ಪ್ರೊಸೆಸರನ್ನು ಅಂಚಿನಲ್ಲಿ ಹಿಡಿದು, ಮೂಲೆಯ ತ್ರಿಕೋನದ ಗುರುತು ನೋಡಿಕೊಂಡು ನೇರವಾಗಿ ಇಳಿಸು, ಒತ್ತಬೇಡ. ಸಾಕೆಟ್ಟಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯದೆ ಪೆಟ್ಟಿಗೆಯಲ್ಲಿಡು. ಬೋರ್ಡನ್ನು ವಾರಂಟಿಗೆ ಕಳುಹಿಸಬೇಕಾಗಿ ಬಂದರೆ ಅದು ಬೇಕು. ಮೊದಲ ಬಾರಿ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಆಗ ರ‍್ಯಾಮ್‌ಗೆ ಹೊಂದಿಕೊಳ್ಳುತ್ತಿರುತ್ತದೆ. ಗಾಬರಿಯಿಂದ ಪವರ್ ತೆಗೆಯಬೇಡ. ಮಾನಿಟರಿನ ಕೇಬಲ್ಲನ್ನು ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸು.

ಪಟ್ಟಿಯಲ್ಲಿ ಕ್ಯಾಬಿನೆಟ್ ಯಾವುದೆಂದು ಬರೆದಿಲ್ಲ. ಎಟಿಎಕ್ಸ್ ಎಂಬ ಅಳತೆಯ ಬೋರ್ಡ್ 305 ಮಿಲಿಮೀಟರ್ ಎತ್ತರವಿರುತ್ತದೆ, ಮೈಕ್ರೋ ಎಟಿಎಕ್ಸ್ 244. ಚಿಕ್ಕ ಕ್ಯಾಬಿನೆಟ್ ನೋಡಿಟ್ಟಿದ್ದರೆ ಎರಡನೆಯದೇ ಸರಿ, ಅದರಿಂದ ನಿನಗೇನೂ ನಷ್ಟವಿಲ್ಲ. ಹಣ ಕೊಡುವ ಮೊದಲು ಕ್ಯಾಬಿನೆಟ್ಟಿನ ಹೆಸರನ್ನೂ, ಅದರೊಳಗೆ ಎಷ್ಟು ಉದ್ದದ ಗ್ರಾಫಿಕ್ಸ್ ಕಾರ್ಡ್ ಹಿಡಿಸುತ್ತದೆ ಎಂಬುದನ್ನೂ ನನಗೆ ತಿಳಿಸು.

ಇಂತಿ,
ನಿನ್ನ ಸೋದರಮಾವ