ತೆಳು ಲೆನ್ಸ್ ವಿಚಾರವಾಗಿ ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ನಮ್ಮ ಸಹಕಾರಿಯಲ್ಲಿ ಕನ್ನಡಕದ ಲೆನ್ಸ್ ಕೊಡುವ ರೀತಿ ಬದಲಾಗುತ್ತದೆ. 3 ಪವರ್‌ವರೆಗೆ ಇರುವವರಿಗೆ 1.67 ಮತ್ತು 1.74 ಇಂಡೆಕ್ಸ್‌ನ ತೆಳು ಲೆನ್ಸ್ ಇನ್ನು ಹಾಕುವುದಿಲ್ಲ. (ಇಂಡೆಕ್ಸ್ ಅಂದರೆ ಲೆನ್ಸ್ ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಸಂಖ್ಯೆ. ಅದು ಜಾಸ್ತಿಯಾದಷ್ಟು ಲೆನ್ಸ್ ತೆಳು.) 3ರಿಂದ 6ರವರೆಗೆ ಮೊದಲು 1.60 ತೋರಿಸುತ್ತೇವೆ. 6 ದಾಟಿದವರಿಗೆ 1.67, 1.74 ಮೊದಲಿನ ಹಾಗೆಯೇ ಸಿಗುತ್ತವೆ, ಆದರೆ ಆಂಟಿ-ರಿಫ್ಲೆಕ್ಷನ್ ಕೋಟಿಂಗ್ (ಬೆಳಕು ಹಿಂದಕ್ಕೆ ಮರಳುವುದನ್ನು ತಡೆಯುವ ಲೇಪ) ಇಲ್ಲದೆ ಕೊಡುವುದಿಲ್ಲ. ಇನ್ನೊಂದು ವಿಷಯ. ಆರಿಸಿದ ಫ್ರೇಮನ್ನು ನಿಮ್ಮ ಮುಖದ ಮೇಲಿಟ್ಟು, ಕಣ್ಣಿನ ನಡುಬಿಂದು ಗುರುತು ಮಾಡಿಕೊಳ್ಳದೆ ಲೆನ್ಸ್ ಕತ್ತರಿಸುವುದಿಲ್ಲ. ಫೋನಿನಲ್ಲೇ ಆರ್ಡರ್ ಕೊಡುತ್ತಿದ್ದವರು ಒಮ್ಮೆ ಬರಬೇಕಾಗುತ್ತದೆ, ಒಂದೆರಡು ದಿನ ತಡವೂ ಆಗುತ್ತದೆ. ಈ ತೊಂದರೆಗೆ ಮನಸಾರೆ ಕ್ಷಮೆ ಕೇಳುತ್ತೇವೆ.

ಈ ಬದಲಾವಣೆಗೆ ಕಾರಣ ನೀವೇ ಹೇಳಿದ ಒಂದು ದೂರು. ಕೌಂಟರಿನಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. "ಜಾಸ್ತಿ ದುಡ್ಡು ಕೊಟ್ಟು ತೆಳು ಲೆನ್ಸ್ ತಗೊಂಡೆ. ಓರೆಗಣ್ಣಲ್ಲಿ ನೋಡಿದ್ರೆ ಟ್ಯೂಬ್‌ಲೈಟಿನ ಅಂಚಿಗೆ ನೀಲಿ, ಹಳದಿ ಗೆರೆ ಕಾಣುತ್ತೆ. ಡುಪ್ಲಿಕೇಟ್ ಮಾಲು ಕೊಟ್ಟಿದ್ದೀರಿ." ಕೊನೆಯ ಮಾತು ನಮಗೆ ತುಂಬಾ ನೋವು ಕೊಟ್ಟಿದೆ. ಆ ಲೆನ್ಸ್ ಅಸಲಿ. ಪವರ್ ಸರಿಯಾಗಿದೆ. ನಿಮಗೆ ಕಾಣುವ ಬಣ್ಣವೂ ನಿಜ. ಮೂರೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ತಾಳ್ಮೆಯಿಂದ ಓದಿ.

ಬೆಳಕು ಗಾಳಿಯಲ್ಲಿ ಸೆಕೆಂಡಿಗೆ ಹೆಚ್ಚುಕಮ್ಮಿ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಲೆನ್ಸಿನ ಒಳಗೆ ಅದರ ವೇಗ ಇಳಿಯುತ್ತದೆ. 1.5 ಇಂಡೆಕ್ಸ್ ಅಂದರೆ ವೇಗ ಒಂದೂವರೆ ಪಟ್ಟು ಕಡಿಮೆಯಾಗಿ ಸುಮಾರು 2 ಲಕ್ಷಕ್ಕೆ ಬಂತು ಅಂತ ಅರ್ಥ. 1.74ರಲ್ಲಿ ಅದು ಸುಮಾರು 1.72 ಲಕ್ಷ. ಓರೆಯಾಗಿ ಬಂದ ಕಿರಣ ವೇಗ ಬದಲಾಗುವ ಜಾಗದಲ್ಲಿ ಬಾಗುತ್ತದೆ. 30 ಡಿಗ್ರಿ ಓರೆಯಲ್ಲಿ ಬಿದ್ದ ಕಿರಣ 1.5ರ ಲೆನ್ಸಿನೊಳಗೆ ಸುಮಾರು 19.5 ಡಿಗ್ರಿಗೆ ತಿರುಗಿದರೆ, 1.67ರಲ್ಲಿ ಸುಮಾರು 17.4ಕ್ಕೆ ತಿರುಗುತ್ತದೆ. ಇಂಡೆಕ್ಸ್ ಜಾಸ್ತಿಯಾದಷ್ಟು ಬಾಗುವುದೂ ಜಾಸ್ತಿ. ಹಾಗಾಗಿ ಅದೇ ಪವರ್ ತರಲು ಕಡಿಮೆ ಉಬ್ಬುತಗ್ಗು ಸಾಕು. ಲೆನ್ಸ್ ತೆಳ್ಳಗಾಗುವುದು ಹೀಗೆ.

ತೊಡಕು ಇರುವುದು ಎಲ್ಲ ಬಣ್ಣವೂ ಒಂದೇ ಅಳತೆಯಲ್ಲಿ ಬಾಗುವುದಿಲ್ಲ ಅನ್ನುವುದರಲ್ಲಿ. ನೀಲಿ ಜಾಸ್ತಿ ಬಾಗುತ್ತದೆ, ಕೆಂಪು ಕಡಿಮೆ. ಒಂದು ವಸ್ತು ಬಣ್ಣಗಳನ್ನು ಎಷ್ಟು ಬೇರೆ ಮಾಡುತ್ತದೆ ಅಂತ ಅಳೆಯುವ ಸಂಖ್ಯೆಗೆ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಅಬೆ ಅವರ ಹೆಸರಿದೆ. ಅಬೆ ಸಂಖ್ಯೆ ದೊಡ್ಡದಿದ್ದರೆ ಬಣ್ಣ ಕಡಿಮೆ ಚದುರುತ್ತದೆ. ನೀವು ಹಳೆಯದು, ದಪ್ಪ ಅಂತ ಪಕ್ಕಕ್ಕೆ ಸರಿಸುವ 1.5ರ ಸಾದಾ ಪ್ಲಾಸ್ಟಿಕ್ ಲೆನ್ಸಿಗೆ ಅದು 58. 1.60ಕ್ಕೆ ಸುಮಾರು 41. 1.67ಕ್ಕೆ 32. ಪೆಟ್ಟು ತಡೆಯುವ ಪ್ಲಾಸ್ಟಿಕ್ ಆದ ಪಾಲಿಕಾರ್ಬೊನೇಟಿಗೆ 30. ಅದೇ ವಸ್ತುವನ್ನು ಜಗತ್ತಿನ ಯಾವ ಕಾರ್ಖಾನೆಯಿಂದ ತರಿಸಿದರೂ ಈ ಸಂಖ್ಯೆಗಳು ಹೆಚ್ಚುಕಮ್ಮಿ ಅಷ್ಟಷ್ಟೇ. ಅದು ಆ ವಸ್ತುವಿನ ಗುಣ.

ಹಾಗಾದರೆ ನೇರ ನೋಡಿದಾಗ ಬಣ್ಣ ಯಾಕೆ ಕಾಣುವುದಿಲ್ಲ? ಲೆನ್ಸಿನ ನಡುಬಿಂದುವಿನಲ್ಲಿ ಕಿರಣ ಬಾಗದೆ ದಾಟುತ್ತದೆ. ಅಂಚಿನ ಕಡೆ ಹೋದಂತೆ ಲೆನ್ಸ್ ಬಣ್ಣ ಬಿಡಿಸುವ ಪ್ರಿಸಮ್ ತರಹ ಕೆಲಸ ಮಾಡುತ್ತದೆ. ಲೆಕ್ಕ ಸುಲಭ: ನಡುಬಿಂದುವಿನಿಂದ ಎಷ್ಟು ಸೆಂಟಿಮೀಟರ್ ದೂರವೋ ಅದನ್ನು ಪವರಿನಿಂದ ಗುಣಿಸಿ, ಬಂದದ್ದನ್ನು ಅಬೆ ಸಂಖ್ಯೆಯಿಂದ ಭಾಗಿಸಿ. ಬಣ್ಣ ಎಷ್ಟು ಚದುರುತ್ತದೆ ಅನ್ನುವ ಅಳತೆ ಸಿಗುತ್ತದೆ. ಮೈನಸ್ 5 ಇರುವವರು ಒಂದು ಸೆಂಟಿಮೀಟರ್ ಪಕ್ಕದಿಂದ ನೋಡಿದರೆ 1.67ರಲ್ಲಿ 0.16 ಬರುತ್ತದೆ, 1.60ರಲ್ಲಿ 0.12, ಸಾದಾ ಲೆನ್ಸಿನಲ್ಲಿ 0.09. ಸುಮಾರು 0.1 ದಾಟಿದರೆ ಕೆಲವರ ಕಣ್ಣಿಗೆ ಗೊತ್ತಾಗಲು ಶುರುವಾಗುತ್ತದೆ. ಬಹಳ ಜನಕ್ಕೆ ಕೆಲ ದಿನಗಳಲ್ಲಿ ಅಭ್ಯಾಸವಾಗುತ್ತದೆ, ಕೆಲವರಿಗೆ ಆಗುವುದೇ ಇಲ್ಲ. 3ರಿಂದ 6ರವರಿಗೆ 1.60 ಮುಂದಿಡುತ್ತಿರುವುದು ಇದಕ್ಕೇ. ಫ್ರೇಮನ್ನು ಮುಖಕ್ಕಿಟ್ಟು ಗುರುತು ಮಾಡಬೇಕು ಅನ್ನುವುದೂ ಇದಕ್ಕೇ. ಲೆನ್ಸಿನ ನಡುಬಿಂದು ಕಣ್ಣಿನ ಎದುರಿಗೆ ಕೂರದಿದ್ದರೆ ನೇರ ನೋಟದಲ್ಲೂ ಬಣ್ಣ ಬರುತ್ತದೆ.

ಇನ್ನು 3ರ ಒಳಗಿನವರು. ಮೈನಸ್ 2 ಇದ್ದು, ಲೆನ್ಸ್ 50 ಮಿಲಿಮೀಟರ್ ಅಗಲ ಅಂದುಕೊಳ್ಳಿ. ಅಂಚಿಗೆ ಸೇರುವ ಹೆಚ್ಚುವರಿ ದಪ್ಪ 1.5ರಲ್ಲಿ ಸುಮಾರು 1.25 ಮಿಲಿಮೀಟರ್, 1.67ರಲ್ಲಿ ಸುಮಾರು 0.93. ನಡುವಿನ ದಪ್ಪವನ್ನೂ ಸ್ವಲ್ಪ ಇಳಿಸಬಹುದು, ಆದರೂ ಒಟ್ಟು ಉಳಿತಾಯ ಒಂದು ಮಿಲಿಮೀಟರಿನ ಆಸುಪಾಸು. ಅದು ಫ್ರೇಮಿನ ಒಳಗೇ ಮುಚ್ಚಿಹೋಗುತ್ತದೆ. ಅಷ್ಟಕ್ಕೆ ನಿಮ್ಮಿಂದ ಅಷ್ಟೊಂದು ದುಡ್ಡು ತಗೊಳ್ಳಲು ನಮಗೆ ಮನಸ್ಸಿಲ್ಲ. ಮೈನಸ್ 8ರವರಿಗೆ ಅದೇ ಲೆಕ್ಕ 5 ಮತ್ತು 3.7 ಮಿಲಿಮೀಟರ್. ಅಲ್ಲಿ ತೆಳು ಲೆನ್ಸ್ ನಿಜಕ್ಕೂ ಉಪಕಾರಿ. ಇನ್ನೂ ತೆಳ್ಳಗೆ ಬೇಕಾದರೆ ಚಿಕ್ಕ ಫ್ರೇಮ್ ಆರಿಸಿ. 56 ಮಿಲಿಮೀಟರ್ ಅಗಲದ ಲೆನ್ಸಿನಲ್ಲಿ ಆ ಹೆಚ್ಚುವರಿ ದಪ್ಪ 50ರದ್ದಕ್ಕಿಂತ ಕಾಲು ಭಾಗ ಜಾಸ್ತಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ ನೋಡಿ.

"ಕೋಟಿಂಗ್ ಹೆಸರಲ್ಲಿ ದುಡ್ಡು ಕೀಳ್ತಾರೆ" ಅನ್ನುವ ಮಾತಿಗೂ ಉತ್ತರ ಹೇಳಲೇಬೇಕು. ವೇಗ ಬದಲಾಗುವ ಕಡೆ ಎಲ್ಲ ಬೆಳಕೂ ಒಳಗೆ ಹೋಗುವುದಿಲ್ಲ, ಸ್ವಲ್ಪ ಹಿಂದಕ್ಕೆ ಮರಳುತ್ತದೆ. 1.5ರ ಲೆನ್ಸಿನ ಎರಡೂ ಮೈ ಸೇರಿ ನೂರರಲ್ಲಿ 8 ಭಾಗ, 1.67ರಲ್ಲಿ 12 ಭಾಗ ಹೀಗೆ ನಷ್ಟವಾಗುತ್ತದೆ. ರಾತ್ರಿ ಎದುರಿನ ಗಾಡಿಯ ಲೈಟಿಗೆ ಲೆನ್ಸಿನ ಮೇಲೆ ಮಂಕು ಪ್ರತಿಬಿಂಬ ಮೂಡುವುದು ಇದರಿಂದಲೇ. ಕೋಟಿಂಗಿನ ಮೇಲ್ಮೈಯಿಂದ ಮರಳುವ ಅಲೆಯೂ ತಳದಿಂದ ಮರಳುವ ಅಲೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಅದಕ್ಕೆ ಒಂದೊಂದು ಪದರವನ್ನೂ ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗದಂಥ ಅಳತೆಯಲ್ಲಿ, ಗಾಳಿ ತೆಗೆದ ಪೆಟ್ಟಿಗೆಯೊಳಗೆ ಕೂರಿಸಬೇಕು. ಒಂದು ಧೂಳಿನ ಕಣ ಕೂತರೂ ಆ ಲೆನ್ಸ್ ಕಸದ ಬುಟ್ಟಿಗೆ. ಆ ನಷ್ಟವನ್ನು ನಾವು ಹೊರುತ್ತೇವೆ, ನಿಮ್ಮ ಬಿಲ್ಲಿಗೆ ಸೇರಿಸುವುದಿಲ್ಲ.

ಕಾಣದ ಖರ್ಚು ಇನ್ನೂ ಇದೆ. ಸೊನ್ನೆಯಿಂದ ಮೈನಸ್ 6ರವರೆಗೆ ಕಾಲು ಕಾಲು ಪವರಿನ ಅಂತರದಲ್ಲಿ 25 ಬಗೆ. ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಬೇಕಾಗುವ ಪವರ್) 2ರವರೆಗೆ 9 ಬಗೆ. ಗುಣಿಸಿದರೆ 225. ಒಂದೊಂದು ಇಂಡೆಕ್ಸಿಗೂ ಇಷ್ಟನ್ನು ಕಪಾಟಿನಲ್ಲಿ ಇಟ್ಟುಕೊಂಡರೆ ಮಾತ್ರ ಬೇಗ ಕೊಡಲು ಆಗುತ್ತದೆ. ಅದರಲ್ಲಿ ಎಷ್ಟೋ ಲೆನ್ಸ್ ಯಾರೂ ಕೇಳದೆ ಸುಮ್ನೆ ಕೂತಿರುತ್ತವೆ. ತೆಳು ಲೆನ್ಸನ್ನು ನಿಲ್ಲಿಸಿ ಲಾಭ ಮಾಡಿಕೊಳ್ತಿದ್ದಾರೆ ಅನ್ನುವವರು ದಯವಿಟ್ಟು ಒಮ್ಮೆ ಯೋಚಿಸಿ. ಜಾಸ್ತಿ ಬೆಲೆಯ ಮಾಲನ್ನು ಬೇಡ ಅಂತ ಹೇಳಿದರೆ ಗಲ್ಲಾಪೆಟ್ಟಿಗೆಗೆ ಬರುವುದು ಕಡಿಮೆಯೇ ಅಲ್ವಾ?

ಕೆಲವು ವಿನಾಯಿತಿ ಇವೆ. ಮಕ್ಕಳಿಗೆ, ಆಟ ಆಡುವವರಿಗೆ ಪೆಟ್ಟು ತಡೆಯುವ ಪಾಲಿಕಾರ್ಬೊನೇಟ್ ಯಾವ ಪವರಿಗೂ ಕೊಡುತ್ತೇವೆ. ಕಣ್ಣಿನ ರಕ್ಷಣೆಯ ಮುಂದೆ ಬಣ್ಣದ ಗೆರೆ ದೊಡ್ಡದಲ್ಲ. ರಿಮ್ ಇಲ್ಲದ, ತೂತು ಕೊರೆಯುವ ಫ್ರೇಮಿಗೆ ಸಾದಾ ಲೆನ್ಸ್ ಬಿರುಕು ಬಿಡುತ್ತದೆ, ಅದಕ್ಕೆ 1.60 ಹಾಕುತ್ತೇವೆ.

ಈಗಾಗಲೇ ಆರ್ಡರ್ ಕೊಟ್ಟವರ ಲೆನ್ಸ್ ನೀವು ಕೇಳಿದಂತೆಯೇ ತಯಾರಾಗುತ್ತದೆ. ಹಾಕಿಕೊಂಡಿರುವ ಕನ್ನಡಕದಲ್ಲಿ ಬಣ್ಣ ಕಾಡುತ್ತಿದ್ದರೆ, ಅದನ್ನೂ ಪವರಿನ ಚೀಟಿಯನ್ನೂ ತನ್ನಿ. ನಡುಬಿಂದು ಎಲ್ಲಿ ಕೂತಿದೆ ಅಂತ ನಿಮ್ಮೆದುರಿಗೇ ಅಳೆದು ತೋರಿಸುತ್ತೇವೆ, ಅದಕ್ಕೆ ದುಡ್ಡು ಬೇಡ. ನಿಮ್ಮ ಲೆನ್ಸನ್ನು ಉಜ್ಜಿ ತಯಾರಿಸಿದವರೇ ಬಂದು ನಿಮ್ಮ ಜೊತೆ ಕೂತು ಮಾತಾಡುತ್ತಾರೆ.

ಇಂತಿ,
ಲೆನ್ಸ್ ವಿಭಾಗದ ಎಲ್ಲರ ಪರವಾಗಿ