ಮೈಗೆ ಮರೆವು ಅಂತ ಬರೆದೆಯಲ್ಲ

ತೀರ್ಥಹಳ್ಳಿ
10 ಜನವರಿ 2024

ಚಿ|| ಸೌ|| ಸ್ಮಿತಾಳಿಗೆ ದೊಡ್ಡಮ್ಮನ ಆಶೀರ್ವಾದ.

ಮನೆ ಸುದ್ದಿ, ಕೊನೆಕೊಯ್ಲಿನ ಸುದ್ದಿ, ಅಜ್ಜಿಯ ಬಿಪಿ ಎಲ್ಲ ನಿನ್ನಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ. ಅದನ್ನು ಬಿಡುತ್ತೇನೆ. ನೀನು ಮೊನ್ನೆ ಮೊಬೈಲಿಗೆ ಕಳಿಸಿದ ಪತ್ರವನ್ನು ಅಕ್ಷರ ದೊಡ್ಡದು ಮಾಡಿಕೊಂಡು ನಾಲ್ಕು ಸಲ ಓದಿದೆ. ನನಗೆ ಅದರಲ್ಲಿ ಬೆರಳಾಡುವುದಿಲ್ಲ. ಅದಕ್ಕೇ ಹಾಳೆಯಲ್ಲಿ ಬರೆದು, ಪಕ್ಕದ ಮನೆ ಹುಡುಗನ ಕೈಲಿ ಫೋಟೋ ತೆಗೆಸಿ ಕಳಿಸುತ್ತಿದ್ದೇನೆ.

ಮೂರನೇ ಸಲ ಕೊರೋನಾ ಬಂತು ಅನ್ನುವುದಕ್ಕೆ ನನಗೆ ಅಷ್ಟು ದಿಗಿಲಾಗಲಿಲ್ಲ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, 'ನನ್ನ ಮೈಗೇ ಮರೆವು ಬಂದಿದೆ ದೊಡ್ಡಮ್ಮ, ಪ್ರತಿ ಸಲ ಮೊದಲ ಸಲದ ಹಾಗೇ ಸೋಲುತ್ತೆ' ಅಂತ. ಆ ಸಾಲು ನನ್ನ ನಿದ್ದೆ ಕೆಡಿಸಿತು. ರಾತ್ರಿ ಎದ್ದು ನೀರು ಕುಡಿದು ಮತ್ತೆ ಓದಿದೆ.

ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಆ್ಯಂಟಿಬಾಡಿ ಅಳೆಸಿದೆ, ನಂಬರ್ ಕಡಿಮೆ ಬಂತು, ಅಲ್ಲಿಂದ ಈ ಯೋಚನೆ ಹತ್ತಿತು, ಅಲ್ವಾ? ಆ ಚೀಟಿಯನ್ನು ಒಲೆಗೆ ಹಾಕು ಅನ್ನೋಣ ಅಂದರೆ ನಿಮ್ಮ ಮನೆಯಲ್ಲಿ ಒಲೆಯೇ ಇಲ್ಲ. ನೋಡು, ಆ ಪರೀಕ್ಷೆ ಅಳೆಯುವುದು ರಕ್ತದಲ್ಲಿ ಆ ಹೊತ್ತು ಓಡಾಡುತ್ತಿರುವ ಪ್ರತಿಕಾಯಗಳನ್ನು, ಅಂದರೆ ಆ್ಯಂಟಿಬಾಡಿಗಳನ್ನು ಮಾತ್ರ. ಕಾಯಿಲೆ ಬಂದಾಗ ಅವು ಏರುತ್ತವೆ. ತಿಂಗಳು ಕಳೆದ ಹಾಗೆ ಇಳಿಯುತ್ತವೆ. ಇಳಿಯಲೇಬೇಕು. ಹುಟ್ಟಿದಾಗಿನಿಂದ ಬಂದ ನೆಗಡಿ ಜ್ವರಕ್ಕೆಲ್ಲ ಅಷ್ಟಷ್ಟು ಇಟ್ಟುಕೊಂಡು ಕೂತರೆ ನಮ್ಮ ರಕ್ತ ಗಂಜಿಯಾಗುತ್ತಿತ್ತು. ಆದರೆ ಅವನ್ನು ತಯಾರಿಸಲು ಕಲಿತ ಕೋಶಗಳು ಹೋಗುವುದಿಲ್ಲ. ಕೆಲವು ಗ್ರಂಥಿಗಳಲ್ಲಿ, ಕೆಲವು ಮೂಳೆಯೊಳಗಿನ ಮಜ್ಜೆಯಲ್ಲಿ ಸುಮ್ನೆ ಕೂತಿರುತ್ತವೆ. ಅವುಗಳಿಗೆ ಡಾಕ್ಟರುಗಳು ಇಟ್ಟಿರುವ ಹೆಸರೇ ನೆನಪಿನ ಕೋಶ ಅಂತ. ನಿನ್ನ ಚೀಟಿಯಲ್ಲಿ ಅವುಗಳ ಲೆಕ್ಕ ಇಲ್ಲ.

ಸಿಂಗಪುರದಲ್ಲಿ ಸಾರ್ಸ್ ಅಂತ ಬಂದಿತ್ತಲ್ಲ 2003ರಲ್ಲಿ, ಇದೇ ಕೊರೋನಾದ ದಾಯಾದಿ. ಆಗ ಅದರಿಂದ ಗುಣವಾದವರ ರಕ್ತವನ್ನು 17 ವರ್ಷ ಬಿಟ್ಟು 2020ರಲ್ಲಿ ನೋಡಿದಾಗ, ಆ ವೈರಸ್ಸನ್ನು ಗುರುತು ಹಿಡಿಯುವ ಟಿ-ಕೋಶಗಳು, ಅಂದರೆ ಇನ್ನೊಂದು ಬಗೆಯ ನೆನಪಿನ ಕೋಶಗಳು, ಇನ್ನೂ ಇದ್ದವು. ಹದಿನೇಳು ವರ್ಷ! ನಮ್ಮ ಅಜ್ಜಿಗೆ ಈಗ ನನ್ನ ಹೆಸರು ಒಂದೊಂದು ದಿನ ನೆನಪಾಗುವುದಿಲ್ಲ. 'ಯಾರೇ ನೀನು' ಅನ್ನುತ್ತಾಳೆ. ಕೈಗೆ ಹತ್ತಿ ಕೊಟ್ಟರೆ ಮಾತ್ರ ಹೂಬತ್ತಿ ಒಂದೂ ತಪ್ಪದೆ ಹೊಸೆಯುತ್ತಾಳೆ. ಮೊನ್ನೆ ನಿನ್ನ ಪತ್ರ ಕೈಯಲ್ಲಿ ಹಿಡಿದೇ ಅದನ್ನು ನೋಡುತ್ತಾ ಕೂತಿದ್ದೆ.

ಹಾಗಾದರೆ ಮತ್ತೆ ಯಾಕೆ ಬಂತು ಅಂತ ಕೇಳುತ್ತೀಯ. ನಾನೂ ಅದನ್ನೇ ಎರಡು ವರ್ಷ ಕೇಳಿಕೊಂಡಿದ್ದೇನೆ, ಅದರ ಕಾರಣ ಆಮೇಲೆ ಹೇಳುತ್ತೇನೆ. ನಮ್ಮ ಕಡೆ ಒಂದು ಸಲ ಅಮ್ಮ ಬಂದರೆ ಮತ್ತೆ ಬರಲ್ಲ ಅನ್ನುತ್ತಾರಲ್ಲ, ಅದು ದಡಾರದಂಥದ್ದಕ್ಕೆ ನಿಜ. ದಡಾರದ ವೈರಸ್ ಒಳಗೆ ಹೋಗಿ ಮೈತುಂಬ ಹರಡಿ ಗುಳ್ಳೆ ಏಳಲು ಹತ್ತಿರ ಹತ್ತಿರ ಎರಡು ವಾರ ಬೇಕು. ಅಷ್ಟರಲ್ಲಿ ನೆನಪಿನ ಕೋಶಗಳು ಎದ್ದು, ಮುಖ ತೊಳೆದು, ಕೆಲಸ ಮುಗಿಸಿರುತ್ತವೆ. ಕೊರೋನಾಕ್ಕೆ ಅಷ್ಟು ತಾಳ್ಮೆ ಇಲ್ಲ. ಈ ಒಮಿಕ್ರಾನ್ ಜಾತಿಯದ್ದು ಮೂರು ದಿನದಲ್ಲಿ ಮೂಗು ಗಂಟಲಲ್ಲಿ ಕೂತು ಕೆಮ್ಮು ಶುರು ಮಾಡಿಬಿಡುತ್ತೆ. ಮೈಗೆ ನೆನಪಿದೆ, ಏಳುವುದು ತಡ. ಎದ್ದ ಮೇಲೆ ಶ್ವಾಸಕೋಶಕ್ಕೆ ಇಳಿಯಲು ಬಿಡುವುದಿಲ್ಲ, ಹೆಚ್ಚಿನವರಲ್ಲಿ. ಜತೆಗೆ ಅದು ರೂಪ ಬೇರೆ ಬದಲಾಯಿಸುತ್ತೆ. ಹೋದ ವರ್ಷ ಅಡಿಕೆ ಕದ್ದವನು ಈ ವರ್ಷ ಗಡ್ಡ ಬಿಟ್ಟುಕೊಂಡು ಕೊನೆಗಾರರ ಜತೆ ಬಂದ ಹಾಗೆ. ತೋಟದ ನಾಯಿ ಬೊಗಳುತ್ತೆ, ಸ್ವಲ್ಪ ಅನುಮಾನಿಸಿ ಬೊಗಳುತ್ತೆ.

ನೆಗಡಿ ತರುವ ಹಳೇ ಕೊರೋನಾ ವೈರಸ್ಸುಗಳು ನಾಲ್ಕಿವೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಹತ್ತು ಜನ ಗಂಡಸರ ರಕ್ತವನ್ನು 35 ವರ್ಷದವರೆಗೂ ಆಗಾಗ ತೆಗೆದು ಇಟ್ಟಿದ್ದರಂತೆ. ಅದನ್ನು ನೋಡಿದರೆ ಒಂದೇ ಜಾತಿಯದ್ದು ಅದೇ ಮನುಷ್ಯನಿಗೆ 12 ತಿಂಗಳಿಗೆಲ್ಲ ಮತ್ತೆ ಬಂದಿರುವುದು ಬೇಕಾದಷ್ಟು ಸಲ ಕಂಡಿತು. ಅವರ ಮೈಗಳಿಗೆಲ್ಲ ಮರೆವೇ? ಇದು ಈ ವಂಶದ ಚಾಳಿ ಪುಟ್ಟಿ, ನಿನ್ನ ಮೈಯ ದೋಷ ಅಲ್ಲ.

ನಿನ್ನದನ್ನೇ ತೆಗೆದುಕೋ. ಮೊದಲ ಸಲ 2021ರ ಏಪ್ರಿಲ್, ಹನ್ನೊಂದು ದಿನ ಜ್ವರ, ಕಾಫಿ ವಾಸನೆ ಮೂರು ತಿಂಗಳು ಗೊತ್ತಾಗಲಿಲ್ಲ ನಿನಗೆ. ದೇಶದ ಮೊದಲ ಎರಡು ಒಮಿಕ್ರಾನ್ ಕೇಸು 2021ರ ಡಿಸೆಂಬರ್ 2ರಂದು ನಿಮ್ಮ ಬೆಂಗಳೂರಿನಲ್ಲೇ ಗೊತ್ತಾಗಿದ್ದು. ಮುಂದಿನ ತಿಂಗಳೇ ನಿನಗೂ ಬಂತು, ನಾಲ್ಕು ದಿನ ಮಲಗಿದೆ. ಈಗ ಎರಡು ವರ್ಷ ಬಿಟ್ಟು ಬಂದಿದೆ, ಮೂರನೇ ದಿನಕ್ಕೆ ಜ್ವರ ಬಿಟ್ಟಿತು ಅಂತ ನೀನೇ ಬರೆದಿದ್ದೀಯ. ಮರೆವು ಇರುವ ಮೈ ಹೀಗೆ ಮಾಡುತ್ತಾ? (ನಡುವೆ ಗೊತ್ತಾಗದ ಹಾಗೆ ಇನ್ನೊಂದು ಸಲ ಬಂದಿದ್ದರೂ ಬಂದಿರಬಹುದು. ಈಗ ಯಾರು ಟೆಸ್ಟ್ ಮಾಡಿಸುತ್ತಾರೆ. ಇದನ್ನು ಬರೆಯಬಾರದಿತ್ತೇನೋ, ಬರೆದಾಯಿತು.)

ಇಷ್ಟು ಹೇಳಿ, ಇನ್ನೇನೂ ಆಗಲ್ಲ ಹೆದರಬೇಡ ಅಂತ ಬರೆದು ಸಹಿ ಹಾಕಬಹುದಿತ್ತು. ಆ ಮಾತು ನನ್ನ ಪೆನ್ನಿನಿಂದ ಇಳಿಯುತ್ತಿಲ್ಲ. ಒಂದು ಸಲ ಹೇಳಿದ್ದೇನೆ ಅದನ್ನು.

ನಿನ್ನ ರಾಘುಮಾವನಿಗೆ, ನನ್ನ ಅಣ್ಣನಿಗೆ, ಮೊದಲ ಸಲ ಬಂದದ್ದು 2020ರ ಸೆಪ್ಟೆಂಬರ್. ಆಗ ಅಣ್ಣನಿಗೆ 67. ಎರಡು ದಿನ ಜ್ವರ, ಸ್ವಲ್ಪ ಸುಸ್ತು, ಅಷ್ಟೇ. ಅದಕ್ಕೆ ಹದಿನೈದು ದಿನ ಮುಂಚೆ, ಆಗಸ್ಟ್ ಕೊನೆಗೆ, ಹಾಂಗ್‌ಕಾಂಗಿನ ಒಬ್ಬ 33 ವರ್ಷದವನಿಗೆ ಎರಡನೇ ಸಲ ಬಂದಿದೆ ಅಂತ ಪೇಪರಿನಲ್ಲಿ ಓದಿದ್ದೆ. ವೈರಸ್ಸಿನ ಜೀನುಗಳನ್ನು ಹೋಲಿಸಿ ನೋಡಿ ಖಾತ್ರಿ ಮಾಡಿದ ಮೊದಲ ಕೇಸು ಅದು. ಅವನು ಯುರೋಪಿಗೆ ಹೋಗಿ ಬಂದಿದ್ದ, ಎರಡನೇ ಸಲ ಮೈಗೆ ಏನೂ ಗೊತ್ತೇ ಆಗಿರಲಿಲ್ಲ. ಇಡೀ ಲೋಕದಲ್ಲಿ ಒಬ್ಬ, ಅವನಿಗೂ ಏನೂ ಆಗಿಲ್ಲ ಅಂದುಕೊಂಡೆ. ಅಣ್ಣನಿಗೂ ಓದಿ ಹೇಳಿದೆ.

ಇಲ್ಲಿಂದ ಮುಂದಿನದು ನಿಮಗೆ ಯಾರಿಗೂ ಗೊತ್ತಿಲ್ಲ.

2021ರ ಮಾರ್ಚ್ 1ಕ್ಕೆ 60 ದಾಟಿದವರಿಗೆ ಲಸಿಕೆ ಶುರುವಾಯಿತು. ನಾನು ಎರಡನೇ ವಾರ ಹೋಗಿ ಹಾಕಿಸಿಕೊಂಡೆ. ಅಣ್ಣ ಅಂಗಿ ಹಾಕಿಕೊಂಡು ಹೊರಟು ನಿಂತಿದ್ದ. 'ನಿನಗೆ ಬಂದು ಹೋಗಿದೆಯಲ್ಲೋ, ನಿನಗೇನು ಅವಸರ? ರಶ್ಶಿನಲ್ಲಿ ಯಾಕೆ ನಿಲ್ತೀಯ, ಮೇ ಕಳೀಲಿ' ಅಂದೆ. ಅವನು ಅಂಗಿ ಬಿಚ್ಚಿ ಮೊಳೆಗೆ ಹಾಕಿದ. ನರ್ಸ್ ಆಗಿದ್ದ ತಂಗಿ ಹೇಳಿದ ಮೇಲೆ ಮುಗಿಯಿತು, ಹಾಗೆ ಅವನು. ಮೇ ತಿಂಗಳಿನದು ನೀವೆಲ್ಲ ಬಲ್ಲಿರಿ. ನಾನು ಅದನ್ನು ಬರೆಯುವುದಿಲ್ಲ.

ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದನಾ? ಯಾರೂ ಹೇಳಲಾರರು. ಆದರೆ ಅದೇ ಮಾರ್ಚಿನಲ್ಲಿ ಡೆನ್ಮಾರ್ಕಿನವರ ಲೆಕ್ಕ ಒಂದು ಬಂದಿತ್ತು. ನಾನು ಓದಿದ್ದು ತುಂಬಾ ಆಮೇಲೆ. ಒಂದು ಸಲ ಬಂದು ಹೋದವರಿಗೆ ಮತ್ತೆ ತಗಲದ ಹಾಗೆ ನೂರಕ್ಕೆ 80ರಷ್ಟು ರಕ್ಷಣೆ ಸಿಕ್ಕಿತ್ತು. 65 ದಾಟಿದವರಿಗೆ 47 ಮಾತ್ರ. ಅರ್ಧವೂ ಅಲ್ಲ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೂಡ ಆ ವರ್ಷವೇ ಲೆಕ್ಕ ಹಾಕಿತ್ತು. ಎರಡು ಪಾಸಿಟಿವ್ ನಡುವೆ ಕನಿಷ್ಠ 102 ದಿನ, ಮಧ್ಯೆ ಒಂದು ನೆಗೆಟಿವ್ ಇದ್ದರೆ ಅದು ಮರುಸೋಂಕು. 1300 ಜನರಲ್ಲಿ 58 ಜನರಿಗೆ ಹಾಗಾಗಿತ್ತು. ಅಂದರೆ ನೂರಕ್ಕೆ ನಾಲ್ಕೂವರೆ. ಎರಡನೇ ಅಲೆ ತಂದ ಡೆಲ್ಟಾ ಜಾತಿಯದ್ದು ಇನ್ನೂ ಸರಿಯಾಗಿ ಕಾಲಿಟ್ಟಿರದ ಹೊತ್ತಿನ ಲೆಕ್ಕ ಅದು.

ಮೈಗೆ ಮರೆವು ಅಂತ ನೀನು ಬರೆದೆ. ಮೈ ಮರೆತವಳು ನಾನು ಸ್ಮಿತಾ.

ಯಾಕೆ ಗೊತ್ತಾ, ಇದು ಬೇರೆಯವರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಸೊರಬ, ಸಾಗರದ ಕಡೆ ಎಷ್ಟು ವರ್ಷ ಮಂಗನ ಕಾಯಿಲೆಯ, ಅದೇ ಕಾಡಿನ ಉಣುಗು ಕಚ್ಚಿ ಬರುವ ಜ್ವರದ, ಲಸಿಕೆ ಹೊತ್ತು ತಿರುಗಿದ್ದೇನೆ. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಸೂಜಿ ಚುಚ್ಚಿದ ಜಾಗ ಉರಿದು ಹೋಗುತ್ತಿತ್ತು. ಎರಡನೆಯದಕ್ಕೇ ಜನ ತೋಟಕ್ಕೆ ಓಡುತ್ತಿದ್ದರು. ಒಬ್ಬ ಹೆಂಗಸು ಸೊಂಟಕ್ಕೆ ಕೈ ಇಟ್ಟು ಕೇಳಿದ್ದಳು, 'ಅಮ್ಮ ಒಂದ್ಸಲ ಬಂದ್ರೆ ಮತ್ತೆ ಬರಲ್ಲ. ವರ್ಷಾ ವರ್ಷಾ ನೆನಪು ಮಾಡ್ಬೇಕಾ ಈ ಮಂಗಕ್ಕೆ?' ಅಂತ. ನಾನು ಅವಳಿಗೆ ಬೈದೆ. ಕೆಲವು ಕಾವಲು ಬೇಗ ಸಡಿಲ ಆಗುತ್ತೆ ಕಣಮ್ಮ ಅಂತ ಮನೆ ಮನೆ ಜಗಲಿಯಲ್ಲಿ ಹೇಳಿದವಳು ನಾನೇ. ನಮ್ಮ ಮನೆ ಜಗಲಿಯಲ್ಲಿ ಮಾತ್ರ ಆ ಹೆಂಗಸಿನ ಮಾತು ಆಡಿದೆ. ಆ ಲಸಿಕೆಯಿಂದ ಅಷ್ಟು ಉಪಯೋಗ ಕಾಣಲಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಈ ವರ್ಷ ಮತ್ತೆ ಕಾಡಂಚಿನಲ್ಲಿ ಜ್ವರ ಶುರುವಾಗಿದೆ, ಉಣುಗು ಕಚ್ಚದ ಹಾಗೆ ಎಣ್ಣೆ ಹಚ್ಚಿಕೊಳ್ಳಿ ಅನ್ನುತ್ತಾರೆ. ಅವಳಿಗೆ ಬೈದದ್ದು ಈಗ ನೆನಪಾದರೆ ಮುಜುಗರ ಆಗುತ್ತೆ. ಎಲ್ಲಿಂದ ಎಲ್ಲಿಗೋ ಹೋದೆ.

ನಿನ್ನ ಹೆದರಿಕೆಗೆ ಬರುತ್ತೇನೆ. ಒಂದೊಂದು ಸಲ ಬಂದಾಗಲೂ ಮೈ ಸೋಲುತ್ತಾ ಹೋಗುತ್ತೆ ಅಂತ ತಾನೇ ನಿನಗೆ? ಹೋದ ವರ್ಷ ಫೆಬ್ರವರಿಯಲ್ಲಿ 19 ದೇಶಗಳ 65 ಅಧ್ಯಯನ ಒಟ್ಟು ಹಾಕಿ ನೋಡಿದ್ದು ಬಂತು. ಹಿಂದೆ ಒಂದು ಸಲ ಬಂದವರಿಗೆ ಹತ್ತು ತಿಂಗಳಾದ ಮೇಲೆ, ಮೊದಲ ಒಮಿಕ್ರಾನ್ ಮತ್ತೆ ತಗಲದ ಹಾಗೆ ಇದ್ದ ರಕ್ಷಣೆ ನೂರಕ್ಕೆ 36. ಆಸ್ಪತ್ರೆ ಸೇರುವ ಹಾಗೆ, ಸಾಯುವ ಹಾಗೆ ಆಗದಿರುವ ರಕ್ಷಣೆ 88. ಈ ಎರಡು ಅಂಕಿ ಒಂದರ ಪಕ್ಕ ಒಂದು ಇಟ್ಟು ನೋಡು. ಬಾಗಿಲು ದಾಟಿ ಬರುತ್ತೆ, ನಡುಮನೆಗೆ ಬರುವುದು ಕಷ್ಟ. ನಿನಗೆ 34, ಮೂರು ಡೋಸ್ ಆಗಿದೆ, ಸಕ್ಕರೆ ಕಾಯಿಲೆ ಇಲ್ಲ. ನಿನ್ನ ಪಾಲಿಗೆ ಈ 88 ದೊಡ್ಡದು.

ಉಳಿದ 12 ಇದೆಯಲ್ಲ, ಅದನ್ನು ನಾನು ಇಲ್ಲ ಅನ್ನಲಾರೆ. ನನಗೆ ಆ ಹನ್ನೆರಡಕ್ಕೆ ಒಂದು ಮುಖ ಇದೆ, ಮೊಳೆಯಲ್ಲಿ ನೇತಾಡುವ ಒಂದು ಅಂಗಿ ಇದೆ. ಹಾಗಂತ ಮೈಯನ್ನೇ ನಂಬದೆ ದಿನಾ ಉಸಿರು ಎಣಿಸುತ್ತಾ ಕೂರಬೇಡ. ಅದನ್ನೂ ನಾನು ಮಾಡಿದ್ದೇನೆ, ಆ ವರ್ಷ ಜೂನಿನಿಂದ ದೀಪಾವಳಿವರೆಗೆ. ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿಕೊಂಡೇ ಅಡುಗೆ ಮಾಡುತ್ತಿದ್ದೆ. ಏನೂ ಉಪಯೋಗ ಆಗಲಿಲ್ಲ.

ಏನು ಮಾಡಬೇಕು ಅಂತ ನೀನು ಕೇಳಿಲ್ಲ. ಕೇಳದಿದ್ದರೂ ಹೇಳುವ ಚಾಳಿ ನನ್ನದು. ಆ ಆ್ಯಂಟಿಬಾಡಿ ಪರೀಕ್ಷೆ ಮತ್ತೆ ಮಾಡಿಸಬೇಡ, ದುಡ್ಡು ದಂಡ. ಇಮ್ಯುನಿಟಿ ಪುಡಿ ಡಬ್ಬಿ ತರಿಸಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಕಷಾಯ ಗಂಟಲಿಗೆ ಹಿತ ಆದರೆ ಕುಡಿ, ನೆನಪಿನ ಕೋಶಗಳಿಗೆ ಅದರಿಂದ ಏನೂ ಆಗುವುದಿಲ್ಲ. ಈ ವಾರ ಮೆಟ್ಟಿಲು ಹತ್ತಿ ಇಳಿಯುವುದು ಕಡಿಮೆ ಮಾಡು. ಎದೆ ಬಿಗಿದರೆ, ಏದುಸಿರು ಬಂದರೆ ನನಗೆ ಫೋನ್ ಮಾಡುತ್ತಾ ಕೂರಬೇಡ, ನೆಟ್ಟಗೆ ಡಾಕ್ಟರ ಹತ್ತಿರ ಹೋಗು. ನಾನು ರಿಟೈರಾಗಿ ಹತ್ತು ವರ್ಷ ಆಗುತ್ತಾ ಬಂತು, ನನ್ನ ಮಾತು ಹಳೇ ಮಾತು.

ಸಂಕ್ರಾಂತಿಗೆ ಬರಲ್ಲ, ಅಜ್ಜಿಗೆ ಅಂಟಿದರೆ ಅಂತ ಹೆದರಿದ್ದೀಯ. ಈ ಸೋಮವಾರ ಬೇಡ, ಅದು ಸರಿ. 60 ದಾಟಿದವರು ಮಾಸ್ಕ್ ಹಾಕಿ ಅಂತ ಸರ್ಕಾರ ಹೋದ ತಿಂಗಳೇ ಹೇಳಿದೆ. ಅಜ್ಜಿ ಮಾಸ್ಕ್ ಕಂಡರೆ ಅದರಲ್ಲಿ ಹತ್ತಿ ತುಂಬಿಡುತ್ತಾಳೆ. ಹಾಗಾಗಿ ಬಂದಾಗ ನೀನೇ ಹಾಕಿಕೋ, ಜಗಲಿಯಲ್ಲಿ ಕೂರಿಸಿಕೊಂಡು ಮಾತಾಡು. ಕೆಮ್ಮು ಪೂರ್ತಿ ನಿಂತ ಮೇಲೆ, ತಿಂಗಳ ಕೊನೆಗೆ ಬಾ. ಎಳ್ಳು ಬೆಲ್ಲ ನಿನ್ನ ಪಾಲಿನದು ಡಬ್ಬಿಗೆ ಹಾಕಿ ಇಟ್ಟಿರುತ್ತೇನೆ.

ರಾಘುಮಾವನ ವಿಷಯ ನಿನ್ನಮ್ಮನಿಗೆ ಹೇಳಬೇಡ. ಅತ್ತಿಗೆಗಂತೂ ಬೇಡವೇ ಬೇಡ. ಆ ಅಂಗಿಯನ್ನು ಅವಳು ಇನ್ನೂ ಅದೇ ಮೊಳೆಯಲ್ಲಿ ಬಿಟ್ಟಿದ್ದಾಳೆ, ಗೌರಿ ಹಬ್ಬಕ್ಕೆ ಹೋದಾಗ ನೋಡಿದೆ. ನೀನು ಬಂದಾಗ ಇಬ್ಬರೂ ಸೇರಿ ಅವಳಲ್ಲಿಗೆ ಹೋಗೋಣವಾ? ನೀನು ಜತೆಗಿದ್ದರೆ ನಾನೇ ಹೇಳಿಯೇನು. ಹೇಳದೆಯೂ ಇರಬಹುದು.

ಇತಿ,
ನಿನ್ನ ದೊಡ್ಡಮ್ಮ